ಹದಿಮೂರನೆಯ ಹೊಗೆ

ಒತೆರ್ವಿಯೆಹೊ, ಲೆಯೊನ್
ಮಾರ್ಚ್ 4, 1979

ತಮ್ಮ ಎವೆಲಿಯೊ,

ಐದು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತರು ಅಂದುಕೊಳ್ಳಬೇಡ. ನಮ್ಮಲ್ಲಿ ಸಾಯುವವರೆಲ್ಲ ಆಗಲೇ ಸತ್ತಾಗಿದೆ. ಅಮ್ಮನ ಮಣ್ಣಿಗೆ ನೀನು ಬರಲಿಲ್ಲ. ಆ ಸಿಟ್ಟು ಇಳಿದಿದೆ ಎಂದು ನಾನು ಸುಳ್ಳು ಬರೆಯುವುದಿಲ್ಲ. ಆದರೆ ಈಗ ಸಿಟ್ಟನ್ನು ಪಕ್ಕಕ್ಕಿಟ್ಟು ನಿನ್ನನ್ನು ಒಂದು ಕೈ ಕೇಳುತ್ತಿದ್ದೇನೆ. ಅಕ್ಷರಶಃ ಕೈಯೇ. ಊರಸಭೆಯಲ್ಲಿ ಎತ್ತುವ ಕೈ.

ಹೋದ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಮಂಟಪದಲ್ಲಿ ಸಭೆಯ ಗಂಟೆ ಹೊಡೆದರು. ನಲವತ್ತು ವರ್ಷ ನಮ್ಮ ಮುಖ್ಯಸ್ಥನನ್ನು ಮೇಲಿನವರೇ ನೇಮಿಸುತ್ತಿದ್ದರು, ನಾವು ತಲೆ ಆಡಿಸಿ ಮನೆಗೆ ಬರುತ್ತಿದ್ದೆವು. ಈಗ ಸರ್ವಾಧಿಕಾರಿ ಸತ್ತು ಮೂರು ವರ್ಷ ದಾಟಿತು, ಹೊಸ ಸಂವಿಧಾನಕ್ಕೆ ಹೋದ ಡಿಸೆಂಬರಿನಲ್ಲಿ ವೋಟು ಹಾಕಿ ಬಂದೆವು, ಮತ್ತೆ ಹಳೆಯ ಹಾಗೆ ಕೈ ಎತ್ತಿ ತೀರ್ಮಾನ ಮಾಡಬಹುದಂತೆ. ಮುಖ್ಯಸ್ಥ ಯಾರು ಗೊತ್ತೇ? ನಿನ್ನ ಜೊತೆ ಗಿರಣಿ ಕೊಳಕ್ಕೆ ಬಿದ್ದು ಅಳುತ್ತಾ ಬಂದ ಒನೊರಿನೊ! ಈಗ ಅವನಿಗೆ ಹೊಟ್ಟೆ ಬಂದಿದೆ, ಬೆಲ್ಟು ಬಂದಿದೆ, ಗಂಟಲು ಸರಿಮಾಡಿಕೊಂಡು ಮಾತಾಡುತ್ತಾನೆ.

ವಿಷಯ ಇಷ್ಟು. ಬೆಟ್ಟದಲ್ಲಿ ಹಾಸುಗಲ್ಲು ತೆಗೆಯುವ ಕಂಪನಿಗೆ ಕಲ್ಲಿನ ಕಸ ಸುರಿಯಲು ನಮ್ಮ ಸಾಮೂಹಿಕ ಹುಲ್ಲುಗಾವಲು ಬೇಕಂತೆ. ರಸ್ತೆ ಮಾಡಿಕೊಡುತ್ತಾರಂತೆ, ಹುಡುಗರಿಗೆ ಕೆಲಸವಂತೆ. ಒನೊರಿನೊನ ಇಬ್ಬರು ಮಕ್ಕಳೂ ಬಿಲ್ಬಾವೊದಿಂದ ವಾಪಸು ಬರುತ್ತಾರಂತೆ. ಅವನದೂ ತಪ್ಪಲ್ಲ. ಆದರೆ ಎರಡು ಓಕ್ ಮರಗಳ ನಡುವೆ ಆ ಹುಲ್ಲಿನ ಕೆಳಗೆ ಯಾರಿದ್ದಾರೆಂದು ಇಡೀ ಊರಿಗೆ ಗೊತ್ತು. ನಾನು ಎದ್ದು ನಿಂತೆ. "ಮೊದ್ಲು ನಮ್ಮಪ್ಪನ್ನೂ ಇನ್ನು ಮೂರು ಜನಾನೂ ಅಲ್ಲಿಂದ ತೆಗೀಬೇಕು. ಆಮೇಲೂ ಆ ಜಾಗ ಮಾರ್ಕೂಡ್ದು," ಅಂದೆ. ಅಂತರ್ಯುದ್ಧದ ಮೂವತ್ತೇಳರಲ್ಲಿ ಅವರನ್ನು ಕೊಂದು ಹೂತಾಗಿನಿಂದ ಈವರೆಗೆ ಅದನ್ನು ಬಾಯಿಬಿಟ್ಟು ಹೇಳಿದವರಿಲ್ಲ.

ಒನೊರಿನೊ ಹೇಳಿದ: "ಅಗೆಯೋದೋ ಮಾರೋದೋ, ಎರಡರಲ್ಲಿ ಒಂದು. ಸಾನ್ ಮಾರ್ತಿನ್ ಹಬ್ಬದ ದಿನ ಹೊಗೆ ಎಣಿಸಿ ಕೈ ಎತ್ಸೋಣ."

ಕಟ್ಟಳೆ ನಿನಗೆ ಮರೆತಿದ್ದರೆ ಹೇಳುತ್ತೇನೆ. ಹೊಗೆ ಏಳುವ ಮನೆಗೆ ಒಂದು ಕೈ. ನವೆಂಬರ್ ಹನ್ನೊಂದರ ಹಬ್ಬದ ಹಿಂದಿನ ಒಂಬತ್ತು ದಿನದಲ್ಲಿ ಯಾವ ಚಿಮಣಿಯಲ್ಲಿ ಒಂದು ದಿನವೂ ಹೊಗೆ ಕಾಣಲಿಲ್ಲವೋ ಅದು ಮುಚ್ಚಿದ ಮನೆ, ಅದಕ್ಕೆ ಕೈ ಇಲ್ಲ. ಒಲೆ ಹಚ್ಚಿದ್ದು ಯಾರೆಂದು ಯಾರೂ ಕೇಳುವುದಿಲ್ಲ. ಕುರಿಮಂದೆಯ ಜೊತೆ ಚಳಿಗಾಲವಿಡೀ ದಕ್ಷಿಣಕ್ಕೆ ಹೋಗುತ್ತಿದ್ದ ಗಂಡಸರಿಗಾಗಿ ಮಾಡಿದ ಕಟ್ಟಳೆ ಅದು. ಈಗ ಊರಲ್ಲಿ ಉಳಿದಿರುವುದು ಹನ್ನೆರಡು ಹೊಗೆ. ನನ್ನ ಕಡೆ ಆರು, ಅವನ ಕಡೆ ಆರು. ಸಮ ಬಂದರೆ ಮುಖ್ಯಸ್ಥನ ಮಾತೇ ಕೊನೆ.

ಸೆವೆರೊ ಮಾವ ನಿನ್ನ ಹೆಸರಿಗೆ ಬರೆದುಕೊಟ್ಟ ಮನೆ ನನ್ನ ಅಡುಗೆಮನೆ ಕಿಟಕಿಯ ಎದುರಿಗೇ ಇದೆ. ಬೀಗದ ಕೈ ನನ್ನ ಹತ್ತಿರವಿದೆ. ನಿನ್ನ ಪರವಾಗಿ ಅಕ್ಕ ಕೈ ಎತ್ತಬಹುದು ಎಂದು ಒಂದು ಕಾಗದಕ್ಕೆ ಸಹಿ ಹಾಕಿ ಕಳಿಸು, ದಿನಾ ಒಲೆ ಹಚ್ಚುವುದು ನನಗಿರಲಿ. ಅಪ್ಪನನ್ನು ಅಮ್ಮನ ಪಕ್ಕದಲ್ಲಿ ಮಲಗಿಸಬೇಕು, ಎವೆಲಿಯೊ. ನನಗೆ ಇನ್ನು ಬೇರೆ ಆಸೆ ಉಳಿದಿಲ್ಲ.

ನಿನ್ನ ಅಕ್ಕ,
ಲೌದೆಲಿನಾ


ಬೀಲ್, ಸ್ವಿಟ್ಜರ್ಲೆಂಡ್
ಮಾರ್ಚ್ 27, 1979

ಅಕ್ಕಾ,

ನಿನ್ನ ಕಾಗದ ಬಂತು. ನಿನ್ನ ಸಿಟ್ಟು ನ್ಯಾಯವಾದದ್ದು, ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ. ಇಲ್ಲಿ ಕೈಗಡಿಯಾರದ ಚಕ್ರಗಳನ್ನು ಉಜ್ಜುವ ಅದೇ ಕೆಲಸ. ಹಿಮ ಕರಗುತ್ತಿದೆ.

ಅಪ್ಪನ ವಿಷಯದಲ್ಲಿ ನೀನು ಮಾಡುತ್ತಿರುವುದು ಸರಿ. ಆದರೆ ಆ ಮನೆಯ ಒಲೆ ಹಚ್ಚಬೇಡ. ಚಿಮಣಿ ಬಿರುಕು ಬಿಟ್ಟಿದೆ, ಸೂರಿಗೆ ಬೆಂಕಿ ಹತ್ತಿದರೆ ನಿನ್ನ ಮನೆಯೂ ಉಳಿಯುವುದಿಲ್ಲ. ಬೇರೆ ಯಾವುದಾದರೂ ದಾರಿ ಹುಡುಕು. ಬೇಕಾದರೆ ಆ ಮನೆಯನ್ನೇ ಯಾರಿಗಾದರೂ ಕೊಟ್ಟುಬಿಡು, ನಾನು ಸಹಿ ಹಾಕುತ್ತೇನೆ.

ಚಾಕೊಲೇಟು ಕಳಿಸಿದ್ದೇನೆ. ಹಲ್ಲು ನೋವಿದ್ದರೆ ಹಾಲಿನಲ್ಲಿ ಕರಗಿಸಿ ಕುಡಿ.

ಎವೆಲಿಯೊ


ಒತೆರ್ವಿಯೆಹೊ
ಜುಲೈ 22, 1979

ತಮ್ಮಾ,

ನಿನ್ನ ಚಿಮಣಿಯಲ್ಲಿ ಬಿರುಕೂ ಇಲ್ಲ, ಮಣ್ಣೂ ಇಲ್ಲ. ಕಾಗೆಗೂಡಿತ್ತು. ಏಣಿ ಹಾಕಿ ನಾನೇ ತೆಗೆದೆ, ಐವತ್ತಾರನೆಯ ವಯಸ್ಸಿನಲ್ಲಿ. ಕೆಳಗೆ ನಿಂತು ಒನೊರಿನೊ, "ಬಿದ್ರೆ ನನ್ ಮೇಲೇ ಬೀಳು ಲೌದೆಲಿನಾ, ಮೆತ್ತಗಿದೀನಿ," ಎಂದು ಗೇಲಿ ಮಾಡಿದ. ಬೀಳಲಿಲ್ಲ. ನೀನು ಚಿಕ್ಕಂದಿನಲ್ಲೂ ಅಷ್ಟೇ, ಸುಳ್ಳು ಹೇಳಬೇಕಾದಾಗ ಸೂರು, ಗೋಡೆ, ಬೆಕ್ಕು ಇವುಗಳ ಮೇಲೆ ಹಾಕುತ್ತಿದ್ದೆ.

ಏಪ್ರಿಲ್‌ನಿಂದ ದಿನಾ ಬೆಳಿಗ್ಗೆ ಹಚ್ಚುತ್ತಿದ್ದೇನೆ. ನನ್ನ ಒಲೆಯ ಕೆಂಡವನ್ನೇ ಸಲಿಕೆಯಲ್ಲಿ ಹಾಕಿಕೊಂಡು ಬೀದಿ ದಾಟುತ್ತೇನೆ. ಜನ ನೋಡಿ ನಗುತ್ತಾರೆ. "ಯಾರ್ಗಮ್ಮಾ ಅಡುಗೆ, ದೆವ್ವಕ್ಕಾ?" ಎಂದು ಕೇಳಿದವರಿಗೆ, "ಹೂಂ, ನಿಮ್ಮನ್ನೂ ಊಟಕ್ಕೆ ಕರೀತದೆ, ತಡೀರಿ," ಅಂದೆ. ಆಮೇಲೆ ಯಾರೂ ಕೇಳಲಿಲ್ಲ.

ಕಿಟಕಿಯಲ್ಲಿ ನಿಂತು ನಿನ್ನ ಹೊಗೆ ನೋಡುವಾಗ ನನ್ನ ಗಂಡನ ಅಪ್ಪ ಮಾಕ್ಸಿಮಿನೊ ಮಾವ ನೆನಪಾಗುತ್ತಾರೆ. ಮೂವತ್ತು ವರ್ಷ ಊರಿನ ಹೊಗೆ ಎಣಿಸಿ ಪುಸ್ತಕದಲ್ಲಿ ಬರೆದವರಲ್ಲವೇ. ಕೊನೆಗೆ ಹಾಸಿಗೆ ಹಿಡಿದ ಏಳು ವರ್ಷ ನಾನೇ ಎತ್ತಿ ಕೂರಿಸಿ ತೊಳೆದದ್ದು. ಪ್ರತಿ ಬೆಳಿಗ್ಗೆ ಅದೇ ಕಿಟಕಿಯಿಂದ ನೋಡಿ, "ನಲವತ್ತು. ನಲವತ್ತು ಅಂತ ಬರಿ," ಎನ್ನುತ್ತಿದ್ದರು. ಆಗ ಊರಲ್ಲಿ ಇಪ್ಪತ್ತು ಹೊಗೆಯೂ ಇರಲಿಲ್ಲ. "ಬರೆದೆ ಮಾವಾ," ಎಂದರೆ ಅಳುತ್ತಿದ್ದರು. ನನ್ನ ಗಂಡ, "ಮುದುಕನ ತಲೆ ಪೂರ್ತಿ ಕೆಟ್ಟಿದೆ," ಎನ್ನುತ್ತಿದ್ದ. ಇಬ್ಬರೂ ಹೋದರು.

ಈ ವಾರ ಹುಲ್ಲು ಕೊಯ್ದೆವು. ಚೀಟಿ ಹಾಕಿ ಹುಲ್ಲುಗಾವಲಿನ ಪಟ್ಟಿಗಳನ್ನು ಹಂಚಿಕೊಂಡೆವು, ಓಕ್ ಮರಗಳ ಪಟ್ಟಿ ಈ ಸಲ ಒನೊರಿನೊಗೆ ಬಂತು. ನಾನು ನೋಡುತ್ತಿದ್ದೆ. ಅವನು ಕುಡುಗೋಲು ಬೀಸುತ್ತಾ ಬಂದವನು ಆ ಜಾಗಕ್ಕೆ ಬಂದಾಗ ಎಲ್ಲರೂ ಮಾಡುವುದನ್ನೇ ಮಾಡಿದ: ಕುಡುಗೋಲು ಎತ್ತಿ ಹೆಗಲಿಗಿಟ್ಟುಕೊಂಡು ಆರು ಹೆಜ್ಜೆ ಸುತ್ತಿ ಹೋಗಿ ಆಚೆ ಕಡೆಯಿಂದ ಮತ್ತೆ ಶುರುಮಾಡಿದ. ನಡುವಿನ ಹುಲ್ಲು ಸೊಂಟದೆತ್ತರ ಹಾಗೇ ನಿಂತಿತು. ಕಂಪನಿಯ ಮನುಷ್ಯ ಅಳತೆಗೆ ಬಂದಿದ್ದ. "ಇಲ್ಯಾಕೆ ಬಿಟ್ರಿ, ಒಳ್ಳೇ ಹುಲ್ಲು?" ಎಂದು ಕೇಳಿದ. ಒನೊರಿನೊ, "ಅಲ್ಲಿ ಕಲ್ಲಿದೆ, ಅಂಚು ಹೋಗ್ತದೆ," ಅಂದ. ನನ್ನ ಕಡೆ ನೋಡಲಿಲ್ಲ.

ನಲವತ್ತೆರಡು ವರ್ಷ ಯಾರೂ ಮುಟ್ಟದ ಹುಲ್ಲು, ಎವೆಲಿಯೊ. ಅದೊಂದೇ ಅಪ್ಪನಿಗೆ ಈ ಊರು ಹಾಕಿದ ಕಲ್ಲು, ಶಿಲುಬೆ, ಎಲ್ಲ. ಕಾಗದಕ್ಕೆ ಸಹಿ ಹಾಕಿ ಕಳಿಸು.

ಲೌದೆಲಿನಾ


ಬೀಲ್
ಆಗಸ್ಟ್ 19, 1979

ಅಕ್ಕಾ,

ಕಾಗದ ಇದರೊಳಗಿದೆ. ರಾಯಭಾರ ಕಚೇರಿಯ ಮುದ್ರೆಯಿದೆ, ಒನೊರಿನೊ ಇಲ್ಲ ಅನ್ನಲಾರ.

ಒಂದು ಕೇಳಬೇಕು. ನೀನು ಹಚ್ಚುವುದು ಮುಂದಿನ ಕೋಣೆಯ ಕಬ್ಬಿಣದ ಒಲೆಯನ್ನೋ, ಅಥವಾ ಹಿಂದಿನ ಅಡುಗೆಮನೆಯ ನೆಲದ ಒಲೆಯನ್ನೋ? ದಿಬ್ಬದ ಮೇಲಿನ ಪುಟ್ಟ ಇಗರ್ಜಿಯಿಂದ ಅದರ ಹೊಗೆ ಚೆನ್ನಾಗಿ ಕಾಣುತ್ತದೆಯೇ? ಹಸಿ ಕಟ್ಟಿಗೆಗೂ ಒಣಗಿದ್ದಕ್ಕೂ ಹೊಗೆಯಲ್ಲಿ ಎಷ್ಟು ವ್ಯತ್ಯಾಸ?

ಸುಮ್ಮನೆ ಕೇಳಿದೆ. ನಾನಿರುವ ಕಟ್ಟಡಕ್ಕೆ ಚಿಮಣಿಯೇ ಇಲ್ಲ, ಎಲ್ಲ ವಿದ್ಯುತ್ತಿನ ಶಾಖ. ಹದಿನೆಂಟು ವರ್ಷದ ಹಿಂದೆ ನಾಲ್ಕು ಕೋಣೆ ತೋರಿಸಿದರು, ಅದಕ್ಕಾಗಿಯೇ ಇದನ್ನು ಆರಿಸಿದೆ.

ಎವೆಲಿಯೊ


ಒತೆರ್ವಿಯೆಹೊ
ಅಕ್ಟೋಬರ್ 7, 1979

ಎವೆಲಿಯೊ,

ನಿನ್ನ ಪ್ರಶ್ನೆಗಳಿಗೆ ಉತ್ತರ: ನೆಲದ ಒಲೆಯನ್ನು. ಚೆನ್ನಾಗಿ ಕಾಣುತ್ತದೆ. ಹಸಿ ಕಟ್ಟಿಗೆಯ ಹೊಗೆ ಬಿಳಿ, ದಪ್ಪ. ಊರು ಬಿಟ್ಟು ಇದನ್ನೂ ಮರೆತೆಯಾ?

ಈ ದಿನ ಸಭೆಯಲ್ಲಿ ನಿನ್ನ ಕಾಗದ ಓದಿದೆ. ಒನೊರಿನೊ ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದ. "ಕಾಗ್ದ ಸರಿಯಾಗಿದೆ. ಹೊಗೆನೂ ದಿನಾ ನೋಡ್ತಿದೀನಿ. ಕಟ್ಟಳೆ ಪ್ರಕಾರ ಹದಿಮೂರು ಮನೆ. ನಾನ್ ಸುಳ್ಳು ಎಣ್ಸಲ್ಲ," ಅಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆದ್ರೆ ಒಂದ್ ಮಾತು ಲೌದೆಲಿನಾ. ಅಪ್ಪನ ಮೂಳೆ ಬೇಕು ಅನ್ನೋ ಮಗ ಒಂದ್ಸಲ ರೈಲು ಹತ್ತಿ ಬರೋಕಾಗಲ್ವಾ? ನನ್ ಮಕ್ಳಿಗೆ ಇಲ್ಲೇ ಬದುಕ್ಬೇಕು ಅಂತ ಆಸೆ. ಅವನ್ಗೆ ಸಾಯೋಕೂ ಈ ಊರು ಬೇಡ. ಯಾರ್ ಮಾತು ತೂಕ, ನೀನೇ ಹೇಳು."

ನನ್ನ ಕಡೆಯವರೆಲ್ಲ ತಲೆ ತಗ್ಗಿಸಿದರು.

ಬಾ. ಸತ್ತವರ ದಿನದಿಂದ ಸಾನ್ ಮಾರ್ತಿನ್‌ವರೆಗೆ ಒಂಬತ್ತು ದಿನ ಇದ್ದು ನಿನ್ನ ಕೈಯಾರೆ ಒಲೆ ಹಚ್ಚು, ನಿನ್ನ ಕೈಯನ್ನೇ ಎತ್ತು. ಅಮ್ಮ ಸಾಯುವಾಗ ಮೂರು ದಿನ ಬಾಗಿಲನ್ನೇ ನೋಡುತ್ತಿದ್ದಳು, ನಿನ್ನ ಹೆಸರು ಮಾತ್ರ ಹೇಳಲಿಲ್ಲ. ನೀನು ಬರಲಿಲ್ಲ. ಅಮ್ಮ ಏನು ಮಾಡಿದ್ದಳೋ ನನಗೆ ಗೊತ್ತಿಲ್ಲ. ಆದರೆ ಅಪ್ಪ ನಿನಗೇನು ಮಾಡಿದ್ದ? ಅವನನ್ನು ಹಿಡಿದುಕೊಟ್ಟವರು ಯಾರೋ ಇದೇ ಊರಿನವರು, ನಮ್ಮ ಜೊತೆ ಪೂಜೆಗೆ ಕೂತು ಎದ್ದವರು. ಆ ಬಾಯಿ ಯಾವುದೆಂದು ತಿಳಿಯದೆ ನಾನು ನಲವತ್ತೆರಡು ವರ್ಷ ಎಲ್ಲರ ಮುಖ ನೋಡಿದ್ದೇನೆ. ನೀನು ಗಡಿಯಾರ ನೋಡಿಕೊಂಡಿದ್ದೀಯ.

ಅಕ್ಕ


ಬೀಲ್
ಅಕ್ಟೋಬರ್ 24, 1979

ಅಕ್ಕಾ,

ಇದನ್ನು ಏಳು ಸಲ ಬರೆದು ಹರಿದಿದ್ದೇನೆ. ಈ ಸಲ ಮತ್ತೆ ಓದದೆ ಅಂಚೆಗೆ ಹಾಕುತ್ತೇನೆ.

ಆ ವರ್ಷ ನೀನು ಲೆಯೊನ್ ಪಟ್ಟಣದಲ್ಲಿ ಮನೆಗೆಲಸಕ್ಕಿದ್ದೆ. ಅಪ್ಪ ಅಸ್ತುರಿಯಾಸ್‌ನಲ್ಲಿ ಸರ್ವಾಧಿಕಾರಿಯ ಸೈನ್ಯಕ್ಕೆ ಸೋತು ಬೆಟ್ಟ ದಾಟಿ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಅಮ್ಮ ಅವನನ್ನು ಸೆವೆರೊ ಮಾವನ ಮುಚ್ಚಿದ ಮನೆಯಲ್ಲಿ ಇಟ್ಟಳು. ಹಿಂದಿನ ಅಡುಗೆಮನೆಯಲ್ಲಿ. ಅದು ಅಮ್ಮನಿಗೂ ನನಗೂ ಮಾತ್ರ ಗೊತ್ತಿತ್ತು. ನನಗೆ ಒಂಬತ್ತು ವರ್ಷ. ಸಂಜೆಗೊಮ್ಮೆ ಕೋಳಿಗೆ ಕಾಳು ಹಾಕಲು ಹೋಗುವವನ ಹಾಗೆ ಹೋಗಿ ರೊಟ್ಟಿ, ಬೇಯಿಸಿದ ಚೆಸ್ಟ್‌ನಟ್ ಕೊಟ್ಟು ಬರುತ್ತಿದ್ದೆ. ಅಮ್ಮ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: "ಏನ್ ಬೇಕಾದ್ರೂ ಕೊಡು. ಬೆಂಕಿ ಮಾತ್ರ ಹಚ್ಬೇಡ ಕಂದಾ. ಇಲ್ಲಿ ಜನ ಹೊಗೆ ಎಣಿಸ್ತಾರೆ."

ಸಾನ್ ಮಾರ್ತಿನ್ ಹಿಂದಿನ ಸಂಜೆ ಹಿಮ ಬೀಳುತ್ತಿತ್ತು. ಅಪ್ಪ ಎರಡು ಗೋಣಿ ಹೊದ್ದು ಗೋಡೆಗೊರಗಿದ್ದ. ತುಟಿ ನೀಲಿಯಾಗಿತ್ತು, ಕೆಮ್ಮು ಹೊರಗೆ ಕೇಳಬಾರದೆಂದು ಟೋಪಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದ. ನನಗೆ ನೋಡಲಾಗಲಿಲ್ಲ. ಮೂಲೆಯಲ್ಲಿ ಮುರಿದ ತೊಟ್ಟಿಲಿನ ಹಲಗೆಗಳಿದ್ದವು, ಅಂಗಳದಲ್ಲಿ ಹಸಿ ಕೊಂಬೆಗಳಿದ್ದವು. ನಾನು ಹಚ್ಚಿದೆ.

ಅಪ್ಪ ಮೊದಲು, "ಆರ್ಸು ಮಗಾ, ಆರ್ಸು," ಅಂದ. ನಾನು ನೀರು ತರಲು ಎದ್ದೆ. ಅಷ್ಟರಲ್ಲಿ ಅವನು ಕೈ ಮುಂದೆ ಚಾಚಿದ್ದ. ಬೆರಳುಗಳು ಬಿಡಿಸಿಕೊಳ್ಳುವುದನ್ನು ನಾನು ನೋಡಿದೆ. "ತಡಿ. ಸ್ವಲ್ಪ ಹೊತ್ತು ಇರ್ಲಿ," ಅಂದ. ಅದು ಅವನು ನನಗೆ ಹೇಳಿದ ಕೊನೆಯ ಮಾತು. ಅವನು ಬೆಚ್ಚಗೆ ನಿದ್ದೆಹೋದ ಮೇಲೆ ನಾನು ಬಾಗಿಲೆಳೆದುಕೊಂಡು ಬಂದೆ. ಬೆಂಕಿ ತಾನೇ ಆರುತ್ತದೆ ಅಂದುಕೊಂಡೆ.

ಬೆಳಿಗ್ಗೆ ನಾನು ಎದ್ದು ಬೀದಿಗೆ ಬಂದಾಗ ಹಿಮ ನಿಂತಿತ್ತು, ಗಾಳಿ ಇರಲಿಲ್ಲ. ಸೆವೆರೊ ಮಾವನ ಚಿಮಣಿಯಿಂದ ಬಿಳಿ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಅವನೇ ಮತ್ತೆ ಕಟ್ಟಿಗೆ ಹಾಕಿದ್ದನೋ ಏನೋ. ದಿಬ್ಬದ ಮೇಲೆ ನಿನ್ನ ಮಾವ ಮಾಕ್ಸಿಮಿನೊ ಪುಸ್ತಕ ಹಿಡಿದು ನಿಂತಿದ್ದರು. ಬೆರಳು ಮಾಡಿ ಒಂದೊಂದೇ ಎಣಿಸುತ್ತಿದ್ದರು. ಮಧ್ಯಾಹ್ನ ಸಿಪಾಯಿಗಳ ಲಾರಿ ಬಂತು.

ಅಮ್ಮ ಆಮೇಲೆ ಆ ಮನೆಗೆ ಹೋಗಿ ಬೂದಿ ನೋಡಿದಳು. ಬಂದು ಕೈ ತೊಳೆದುಕೊಂಡಳು. ಸಾಯುವವರೆಗೆ ಆ ವಿಷಯ ಎತ್ತಲಿಲ್ಲ, ನನ್ನ ಕೈಗೆ ಬೆಂಕಿಕಡ್ಡಿಯನ್ನೂ ಕೊಡಲಿಲ್ಲ. ಅವಳ ಮಣ್ಣಿಗೆ ಬಂದಿದ್ದರೆ ಮಗನಾಗಿ ಮೇಣದಬತ್ತಿ ನಾನೇ ಹಚ್ಚಬೇಕಿತ್ತು.

ನೀನು ಹುಡುಕುತ್ತಿದ್ದ ಬಾಯಿ ಬಾಯಲ್ಲ. ನಾನು ಬರಲಾರೆ. ಕೈ ಎತ್ತು, ಅಪ್ಪನನ್ನು ತೆಗೆ. ನನ್ನನ್ನು ಏನು ಬೇಕಾದರೂ ಅನ್ನು.

ಎವೆಲಿಯೊ


ಬೀಲ್
ನವೆಂಬರ್ 21, 1979

ಅಕ್ಕಾ,

ಹಬ್ಬ ಮುಗಿದು ಹತ್ತು ದಿನವಾಯಿತು. ಏನಾಯಿತು? ಬೈದಾದರೂ ಎರಡು ಸಾಲು ಬರೆ. ಅಪ್ಪ ಸಿಕ್ಕನೇ? ಅವನ ಬೆಲ್ಟಿನ ಹಿತ್ತಾಳೆ ಕೊಂಡಿಯ ಮೇಲೆ ಕುದುರೆಯ ತಲೆಯಿತ್ತು. ಅದರಿಂದ ಗುರುತು ಹಿಡಿಯಬಹುದು.

ಎವೆಲಿಯೊ


ಒತೆರ್ವಿಯೆಹೊ
ಡಿಸೆಂಬರ್ 2, 1979

ಎವೆಲಿಯೊ,

ಅಪ್ಪ ಸಿಗಲಿಲ್ಲ. ಇನ್ನು ಸಿಗುವುದೂ ಇಲ್ಲ. ಹುಲ್ಲುಗಾವಲು ಕಂಪನಿಯದಾಯಿತು.

ನಿನ್ನ ಕಾಗದ ಅಕ್ಟೋಬರ್ ಮೂವತ್ತೊಂದರಂದು ಬಂತು. ಓದಿದೆ. ಮರುದಿನ ಬೆಳಿಗ್ಗೆ ಎಂದಿನಂತೆ ಸಲಿಕೆಯಲ್ಲಿ ಕೆಂಡ ಹಾಕಿಕೊಂಡು ನಿನ್ನ ಮನೆಗೆ ಹೋದೆ. ಹಿಂದಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತೆ. ಏಪ್ರಿಲ್‌ನಿಂದ ದಿನಾ ಅಲ್ಲಿ ಕೂತಿದ್ದೇನೆ, ಹಾಡು ಗುನುಗಿದ್ದೇನೆ, ಒಮ್ಮೆ ಆಲೂಗೆಡ್ಡೆ ಕೂಡ ಸುಟ್ಟು ತಿಂದಿದ್ದೇನೆ. ಅಪ್ಪ ಒರಗಿದ್ದ ಗೋಡೆಗೆ ನಾನೂ ಒರಗಿದ್ದೆ, ಗೊತ್ತಿಲ್ಲದೆ. ಕೆಂಡ ಸಲಿಕೆಯಲ್ಲೇ ಬೂದಿಯಾಯಿತು. ನನ್ನ ಕೈಯಿಂದ ಹಚ್ಚಲಾಗಲಿಲ್ಲ.

ನಾಳೆ ಹಚ್ಚೋಣ ಎಂದುಕೊಂಡೆ. ಮರುದಿನ ಬಾಗಿಲವರೆಗೆ ಹೋಗಿ ಬಂದೆ. ಆಮೇಲೆ ಬಾಗಿಲವರೆಗೂ ಹೋಗಲಿಲ್ಲ. ದುಃಖ ಎಂದು ಬರೆದರೆ ನಿನಗೆ ಸಮಾಧಾನವಾದೀತು, ಆದರೆ ಅದು ಸಿಟ್ಟು. ನಿನ್ನ ಹೆಸರಿನ ಹೊಗೆ ಏಳುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ನಿನ್ನ ಕೈಯನ್ನು ನನ್ನ ಕೈಯಾಗಿ ಎತ್ತಲು ಮನಸ್ಸಿರಲಿಲ್ಲ. ನೀನು ಒಂಬತ್ತು ವರ್ಷದವನಿದ್ದೆ ಎಂದು ನನಗೆ ಎಣಿಸಲು ಬರುವುದಿಲ್ಲವೇ? ಬರುತ್ತದೆ. ಆದರೂ.

ಏಳನೆಯ ದಿನ ಒನೊರಿನೊ ಬಾಗಿಲು ತಟ್ಟಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಲೌದೆಲಿನಾ, ಹುಷಾರಿಲ್ವಾ? ನಿನ್ ತಮ್ಮನ ಒಲೆ ಆರಿದೆ. ನಂಗೆ ಇದ್ರಿಂದ ಲಾಭ ಅಂತ ಗೊತ್ತು, ಅದಕ್ಕೇ ಬಂದು ಹೇಳ್ತಿದೀನಿ. ಆಮೇಲೆ ಒನೊರಿನೊ ಕಂಡೂ ಸುಮ್ನಿದ್ದ ಅನ್ಬೇಡ. ನಾನೇ ಬೇಕಾದ್ರೆ ಒಂದ್ ಹೊರೆ ಕಟ್ಟಿಗೆ ತಂದು ಹಾಕ್ತೀನಿ, ಹಚ್ಚೋದು ನೀನ್ ಹಚ್ಚು."

ನಾನು ಬಾಗಿಲು ಹಾಕಿದೆ. ಅವನು ಹೊರಗೆ ನಿಂತು, "ನಾನ್ ಸುಳ್ಳು ಎಣ್ಸಲ್ಲ, ಲೌದೆಲಿನಾ! ಆಚೆ ಕಡೆಗೂ ಎಣ್ಸಲ್ಲ, ಈಚೆ ಕಡೆಗೂ ಎಣ್ಸಲ್ಲ!" ಎಂದು ಕೂಗಿ ಹೇಳಿ ಹೋದ.

ಹಬ್ಬದ ಬೆಳಿಗ್ಗೆ ದಿಬ್ಬ ಹತ್ತಿ ಎಣಿಸಿದ. ಹನ್ನೆರಡು. ಮಂಟಪದಲ್ಲಿ ಆರು ಕೈ ಅಗೆಯಲು, ಆರು ಕೈ ಮಾರಲು. ಸಮ ಬಂತು, ಮುಖ್ಯಸ್ಥನ ಕೊನೆಯ ಮಾತು ಮಾರುವುದಕ್ಕೇ; ಅದನ್ನು ಹೇಳುವಾಗ ಅವನ ಧ್ವನಿ ಸಣ್ಣಗಿತ್ತು. ನನ್ನ ಕಡೆಯ ಮುದುಕಿಯರು, "ಯಾಕೇ ಹಿಂಗ್ ಮಾಡ್ದೆ? ಯಾಕೇ ಆರಿಸ್ದೆ?" ಎಂದು ನನ್ನ ಶಾಲು ಹಿಡಿದು ಕೇಳಿದರು. ಅವರಲ್ಲಿ ಇಬ್ಬರ ಗಂಡಂದಿರೂ ಅಪ್ಪನ ಪಕ್ಕದಲ್ಲೇ ಇದ್ದಾರೆ. ನಿನ್ನ ಗುಟ್ಟನ್ನು ನಾನು ಹೇಳಲಿಲ್ಲ ಎಂಬುದಷ್ಟು ನಿನಗೆ ತಿಳಿದಿರಲಿ.

ಇನ್ನು ಬರೆಯಬೇಡ.

ಲೌದೆಲಿನಾ


ಒತೆರ್ವಿಯೆಹೊ
ಜನವರಿ 13, 1980

ಎವೆಲಿಯೊ,

ಬರೆಯಬೇಡ ಎಂದವಳೇ ಬರೆಯುತ್ತಿದ್ದೇನೆ.

ಮಾರಿದ ಕರಾರನ್ನು ಊರಿನ ಪುಸ್ತಕದಲ್ಲಿ ಬರೆಯಬೇಕೆಂದು ನಿನ್ನೆ ಸಭೆಯ ಪೆಟ್ಟಿಗೆ ತೆಗೆದರು. ಮೂರು ಬೀಗ, ಮೂರು ಮನೆಯಲ್ಲಿ ಮೂರು ಬೀಗದ ಕೈ, ಮೂವರೂ ಬಂದರೇನೇ ತೆರೆಯುವುದು. ಒಂದು ನನ್ನ ಮಾವನ ಕಾಲದಿಂದ ನಮ್ಮ ಮನೆಯಲ್ಲಿದೆ, ಹಾಗಾಗಿ ಹೋಗಲೇಬೇಕಾಯಿತು. ನಾನು ಸುಮ್ಮನೆ ಗೋಡೆ ನೋಡುತ್ತಾ ನಿಂತಿದ್ದೆ. ಒನೊರಿನೊ ಹಾಳೆ ಹುಡುಕುತ್ತಾ ಹಿಂದಿನ ಪುಟಗಳನ್ನು ಮಗುಚುತ್ತಿದ್ದ. ಮಾವನ ಅಕ್ಷರ ಕಂಡಿತು. ಸಾವಿರದೊಂಬೈನೂರ ಮೂವತ್ತೇಳು, ಸಾನ್ ಮಾರ್ತಿನ್.

"ಇಲ್ಲಿ ನಿಲ್ಸು," ಅಂದೆ.

ಒಂದೊಂದು ಮನೆಯ ಹೆಸರೂ ಇದೆ. ಪಾದ್ರಿಯ ಮನೆ, ಗಿರಣಿ, ನಮ್ಮದು, ಅವರದು. ಕೆಳಗೆ ಒಟ್ಟು. ಒಟ್ಟು ಬರೆಯುವ ಮೊದಲು ಲೇಖನಿ ಕಾಗದದ ಮೇಲೆ ಬಹಳ ಹೊತ್ತು ನಿಂತಿರಬೇಕು, ಶಾಯಿ ಹರಡಿ ಹುರುಳಿಕಾಳಿನಷ್ಟು ಕಲೆಯಾಗಿದೆ. ಅದರ ಪಕ್ಕದಲ್ಲಿ ಬರೆದಿದೆ: ನಲವತ್ತು.

ನಾನು ಹೆಸರುಗಳನ್ನು ಬೆರಳಿಟ್ಟು ಎಣಿಸಿದೆ. ಎರಡು ಸಲ. ನಲವತ್ತೇ. ಸೆವೆರೊ ಮಾವನ ಮನೆಯಿಲ್ಲ. ಬೆಳಿಗ್ಗೆ ಗಾಳಿಯಿಲ್ಲದ ಆಕಾಶದಲ್ಲಿ ನೀನು ಬೀದಿಯಿಂದ ಕಂಡ ಹೊಗೆ ದಿಬ್ಬದ ಮೇಲೆ ನಿಂತವರಿಗೆ ಕಾಣದೆ ಇರುತ್ತದೆಯೇ? ಕಂಡಿತ್ತು, ಎವೆಲಿಯೊ. ನಲವತ್ತೊಂದು ಎಣಿಸಿದ ಮನುಷ್ಯ ನಲವತ್ತು ಎಂದು ಬರೆದ. ಆ ಕಾಲದಲ್ಲಿ ಆ ಸುಳ್ಳಿಗೆ ಅವರನ್ನೂ ಓಕ್ ಮರದ ಕೆಳಗೆ ಮಲಗಿಸುತ್ತಿದ್ದರು. ನಾನು ಅವರ ಮೈ ತೊಳೆದ ಏಳು ವರ್ಷವೂ ದಿನಾ ನನ್ನ ಹತ್ತಿರ ಅದನ್ನೇ ಹೇಳುತ್ತಿದ್ದರು. ನಾನು, "ಬರೆದೆ ಮಾವಾ," ಎಂದು ದಿಂಬು ಸರಿಮಾಡುತ್ತಿದ್ದೆ.

ಹಾಗಾದರೆ ಹಿಡಿದುಕೊಟ್ಟವರು ಯಾರು? ಗೊತ್ತಿಲ್ಲ. ಹೊಗೆ ಬೇರೆ ಯಾರಿಗೋ ಕಂಡಿರಬಹುದು. ಹೊಗೆಗೂ ಮೊದಲೇ ಯಾರೋ ಬೆಟ್ಟದ ದಾರಿಯಲ್ಲಿ ಅಪ್ಪನನ್ನು ಕಂಡಿರಬಹುದು. ಪುಸ್ತಕದಲ್ಲಿ ಅದಿಲ್ಲ. ನಿನ್ನ ಬೆಂಕಿ ಅಲ್ಲವೇ ಅಲ್ಲ ಎಂದು ನಿನಗೆ ಬರೆದುಕೊಡಲು ನನ್ನ ಹತ್ತಿರ ಏನೂ ಇಲ್ಲ. ಇದ್ದಿದ್ದರೆ ನಡೆದುಕೊಂಡೇ ಬೀಲ್‌ಗೆ ಬಂದು ಕೊಡುತ್ತಿದ್ದೆ.

ನನ್ನ ವಿಷಯದಲ್ಲಿ ಮಾತ್ರ ಯಾವ ಸಂಶಯವೂ ಇಲ್ಲ. ನಿನ್ನದು ಮಗುವಿನ ಕೈ, ಚಳಿಗೆ ಹಚ್ಚಿದ್ದು. ಅಪ್ಪ "ಇರ್ಲಿ" ಅಂದಿದ್ದ. ನನ್ನದು ಐವತ್ತಾರು ವರ್ಷದ ಕೈ, ಎಲ್ಲ ಗೊತ್ತಿದ್ದೂ ಒಂಬತ್ತು ದಿನ ಮಡಿಚಿಕೊಂಡು ಕೂತದ್ದು. ಅಪ್ಪನನ್ನು ಎರಡನೆಯ ಸಲ ಕಳೆದವಳು ನಾನು. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಕಂಪನಿಯ ಲಾರಿಗಳು ಮೂರು ವಾರದಿಂದ ಓಡಾಡುತ್ತಿವೆ. ಮೊದಲ ಲಾರಿ ಸುರಿದದ್ದು ಆ ಕೊಯ್ಯದ ಹುಲ್ಲಿನ ಮೇಲೇ, ಅಲ್ಲಿ ನೆಲ ಸಮವಾಗಿತ್ತಂತೆ. ಕರಾರು ಬರೆದು ಮುಗಿಸಿ ಒನೊರಿನೊ ನನ್ನ ಮಾವನ ಪುಟವನ್ನು ಮತ್ತೆ ತೆರೆದು ಬಹಳ ಹೊತ್ತು ನೋಡಿದ. "ನಾನೂ ಹಿಂಗೇ ಬರೀಬಹುದಿತ್ತು," ಅಂದ. ನಾನು ಬೀಗ ಹಾಕಿದೆ.

ನನ್ನನ್ನು ಏನು ಬೇಕಾದರೂ ಅನ್ನು.

ಲೌದೆಲಿನಾ


ಎದುರು ಮನೆ
ಫೆಬ್ರವರಿ 17, 1980, ಭಾನುವಾರ ಬೆಳಿಗ್ಗೆ

ಅಕ್ಕಾ,

ನಿನ್ನೆ ಸಂಜೆಯ ಬಸ್ಸಿನಲ್ಲಿ ಬಂದೆ. ನಿನ್ನ ಬಾಗಿಲು ತಟ್ಟಲು ಧೈರ್ಯ ಬರಲಿಲ್ಲ. ಈ ಮನೆಯ ಕೀಲಿ ಯಾವ ಕಲ್ಲಿನ ಕೆಳಗಿರುತ್ತದೆಂದು ಇನ್ನೂ ನೆನಪಿತ್ತು, ನೀನು ಅದನ್ನು ಮತ್ತೆ ಅಲ್ಲೇ ಇಟ್ಟಿದ್ದೆ.

ಬರುವಾಗ ದಾರಿಯಲ್ಲಿ ಓಕ್ ಮರಗಳನ್ನು ನೋಡಿದೆ. ಒಂದರ ತುದಿ ಮಾತ್ರ ಕಲ್ಲಿನ ರಾಶಿಯ ಮೇಲೆ ಕಾಣುತ್ತದೆ. ಇನ್ನೊಂದು ಕಾಣುವುದಿಲ್ಲ. ರಾಶಿಯ ಬುಡದಲ್ಲಿ ನಿಂತು ಟೋಪಿ ತೆಗೆದೆ. ಲಾರಿಯವನು ಹಾರ್ನ್ ಹೊಡೆದು, "ಪಕ್ಕಕ್ಕೆ ಹೋಗ್ರೀ, ಸುರಿತೀನಿ," ಅಂದ. ಪಕ್ಕಕ್ಕೆ ಬಂದೆ.

ಈ ಚೀಟಿಯನ್ನು ನಿನ್ನ ಬಾಗಿಲಡಿ ತೂರಿಸಿ ವಾಪಸು ಒಲೆಯ ಮುಂದೆ ಹೋಗುತ್ತೇನೆ. ಅಂಗಳದಲ್ಲಿ ಕಟ್ಟಿಗೆ ಇದೆ, ಯಾರೋ ಒಂದು ಹೊರೆ ಒಣಗಿದ್ದನ್ನು ತಂದು ಹಾಕಿದ್ದಾರೆ. ಮೂರು ಬೆಂಕಿಕಡ್ಡಿ ಆಗಲೇ ಮುರಿದವು. ಪೆಟ್ಟಿಗೆಯಲ್ಲಿ ಇನ್ನೂ ಬೇಕಾದಷ್ಟಿವೆ.

ಇದಕ್ಕೆ ಈಗ ಕೈ ಇಲ್ಲ, ಸಭೆ ಇಲ್ಲ, ಯಾವ ಪುಸ್ತಕವೂ ಇದನ್ನು ಕೇಳುವುದಿಲ್ಲ ಎಂದು ನನಗೆ ಗೊತ್ತು. ಆದರೂ ಸ್ವಲ್ಪ ಹೊತ್ತಿಗೆ ಕಿಟಕಿಗೆ ಬಾ. ಊರನ್ನೆಲ್ಲ ಒಂದು ಸಲ ಎಣಿಸು, ಕೊನೆಗೆ ಎದುರಿಗೆ ನೋಡು.

ಹದಿಮೂರು ಅಂತ ಬರಿ.

ನಿನ್ನ ತಮ್ಮ,
ಎವೆಲಿಯೊ